ಬೇಸಿಗೆಯ ಬೆಟ್ಟ: ಎಚ್ಚರಿಕೆ ಧಾರಾಳ, ಏರ್ಪಾಡು ವಿರಳ

ಮಕ್ಕಳ ಪರೀಕ್ಷೆ ಮುಗಿದು ಏಪ್ರಿಲ್ ಬಂತೆಂದರೆ ಬೆಂಗಳೂರು, ಮೈಸೂರುಗಳ ಕಾರುಗಳು ಬೆಟ್ಟದ ಕಡೆ ಮುಖ ಮಾಡುತ್ತವೆ. ಮಡಿಕೇರಿ, ಚಿಕ್ಕಮಗಳೂರು, ಸಕಲೇಶಪುರ, ವಯನಾಡು, ಊಟಿ ಎಲ್ಲೆಡೆ ರೂಮುಗಳು ತಿಂಗಳ ಮುಂಚೆಯೇ ತುಂಬಿರುತ್ತವೆ. ಈ ಪ್ರವಾಸದ ಸುತ್ತ ಸುರಕ್ಷತೆಯ ಹೆಸರಿನಲ್ಲಿ ಒಂದು ಪದ್ಧತಿಯೂ ಬೆಳೆದುಬಂದಿದೆ. ಘಾಟಿಯ ತಿರುವಿನಲ್ಲಿ ಪೊಲೀಸರ ಬೋರ್ಡು, ರೆಸಾರ್ಟಿನ ಕೌಂಟರಿನಲ್ಲಿ ಸಹಿ ಹಾಕಿಸಿಕೊಳ್ಳುವ ಮುಚ್ಚಳಿಕೆ, ಈಜುಕೊಳದ ಪಕ್ಕದಲ್ಲೊಂದು ಫಲಕ, ಕೋಣೆಯ ಬಾಗಿಲ ಹಿಂದೆ ಅಂಟಿಸಿದ ಸೂಚನೆಗಳ ಹಾಳೆ. ಇವನ್ನೆಲ್ಲ ಒಟ್ಟಿಗೆ ಇಟ್ಟು ಓದಿದಾಗ ನನಗೆ ಕಾಣುವುದು ಇಷ್ಟು: ಅತಿಥಿಗೆ ಹೇಳುವ ಎಚ್ಚರಿಕೆಗೆ ಇಲ್ಲಿ ಕೊರತೆಯಿಲ್ಲ. ಅತಿಥಿಯ ಎಚ್ಚರ ಒಂದು ಗಳಿಗೆ ತಪ್ಪಿದಾಗ ಅವನನ್ನು ಉಳಿಸಬೇಕಾದ ಏರ್ಪಾಡು ಮಾತ್ರ ಹುಡುಕಿದರೂ ಸಿಗುವುದು ಕಷ್ಟ.

ರಸ್ತೆಯಿಂದಲೇ ಶುರು ಮಾಡೋಣ. ನಾವು ಬೆಟ್ಟದಲ್ಲಿ ಆನೆಗೆ ಹೆದರುತ್ತೇವೆ, ಹಾವಿಗೆ ಹೆದರುತ್ತೇವೆ. ಅಷ್ಟು ಹೆದರಬೇಕಾದ ಇಳಿಜಾರಿಗೆ ಹೆದರುವುದಿಲ್ಲ. ಮೈಸೂರಿನಿಂದ ಊಟಿಗೆ ಹೋಗುವವರು ಬಂಡೀಪುರ ದಾಟಿ ತೆಪ್ಪಕಾಡಿಗೆ ಬಂದಾಗ ಎರಡು ದಾರಿಗಳು ಸಿಗುತ್ತವೆ. ಗೂಡಲೂರಿನ ಮೇಲಿನ ರಾಷ್ಟ್ರೀಯ ಹೆದ್ದಾರಿ ಉದ್ದ. ಮಸಿನಗುಡಿ, ಕಲ್ಲಟ್ಟಿಯ ದಾರಿ ಅದರ ಅರ್ಧದಷ್ಟು. ಮೊಬೈಲಿನ ನಕ್ಷೆಗೆ ಹತ್ತಿರದ್ದೇ ಒಳ್ಳೆಯದು. ಊಟಿ ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದಲ್ಲಿದೆ, ಮಸಿನಗುಡಿ ಅದರ ಅರ್ಧ ಎತ್ತರದಲ್ಲೂ ಇಲ್ಲ. ಇಷ್ಟು ಅಂತರವನ್ನು ಕಲ್ಲಟ್ಟಿ ಘಾಟಿ 36 ಹೇರ್‌ಪಿನ್ ತಿರುವುಗಳಲ್ಲಿ ಮುಗಿಸಿಬಿಡುತ್ತದೆ. 2018ರ ಅಕ್ಟೋಬರ್‌ನಲ್ಲಿ ಚೆನ್ನೈ ಕಡೆಯಿಂದ ಬಂದವರ ಕಾರೊಂದು ಇಲ್ಲಿ ಕಣಿವೆಗೆ ಉರುಳಿತು. ಅದು ಬಿದ್ದಿದ್ದು ಪತ್ತೆಯಾಗಿದ್ದು ಎರಡು ದಿನಗಳ ಮೇಲೆ. ಐದು ಜನ ಸತ್ತಿದ್ದರು. ಆಮೇಲೆ ಹೊರಗಿನ ವಾಹನಗಳ ಮೇಲೆ, ಅದರಲ್ಲೂ ಇಳಿಯುವ ವಾಹನಗಳ ಮೇಲೆ, ಕಟ್ಟುನಿಟ್ಟಿನ ನಿರ್ಬಂಧ ಬಂತು.

ಇಳಿಜಾರಿನಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಯಾವ ಬೋರ್ಡೂ ಅದನ್ನು ಹೇಳುವುದಿಲ್ಲ. ಜನ ತುಂಬಿದ ಒಂದೂವರೆ ಟನ್ನಿನ ಕಾರು ಈ ಘಾಟಿಯನ್ನು ಪೂರ್ತಿ ಬ್ರೇಕಿನ ಮೇಲೇ ಇಳಿದರೆ ಅಲ್ಲಿ ಹುಟ್ಟುವ ಶಾಖ ಸುಮಾರು ಐವತ್ತು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಅದೆಲ್ಲ ನಾಲ್ಕು ಚಕ್ರಗಳ ಬ್ರೇಕುಗಳಲ್ಲಿ ಸೇರಿಕೊಳ್ಳುತ್ತದೆ. ಮೊದಲು ಸುಟ್ಟ ವಾಸನೆ ಬರುತ್ತದೆ. ಆಮೇಲೆ ಪ್ಯಾಡುಗಳ ಹಿಡಿತ ಸಡಿಲುತ್ತದೆ. ಕೊನೆಗೆ ಬ್ರೇಕ್ ಆಯಿಲ್ ಕುದಿಯಲು ಶುರುವಾಗುತ್ತದೆ. ಈ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣದ್ದು. ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿವರೆಗೆ ಕುದಿಯದು. ಅದೇ ಆಯಿಲ್ ತೇವ ಹೀರಿ ಹಳತಾದ ಮೇಲೆ 140 ಡಿಗ್ರಿಯ ಹೊತ್ತಿಗೇ ಕುದಿಯಬಹುದು. ಕುದಿದಾಗ ಪೈಪಿನಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ಪೆಡಲ್ ತುಳಿದರೆ ಗುಳ್ಳೆಗಳು ಅಮುಕಿಕೊಳ್ಳುತ್ತವೆಯೇ ಹೊರತು ಚಕ್ರ ನಿಲ್ಲುವುದಿಲ್ಲ. ‘ಬ್ರೇಕ್ ಫೇಲ್ ಆಯಿತು’ ಎಂದು ಪತ್ರಿಕೆಯಲ್ಲಿ ಓದುವ ಎಷ್ಟೋ ಅಪಘಾತಗಳಲ್ಲಿ ಬ್ರೇಕು ಕೆಟ್ಟಿರಲಿಕ್ಕಿಲ್ಲ, ಅದರ ಮೇಲೆ ಹೊರಲಾರದ ಭಾರ ಹೊರಿಸಿರುತ್ತಾರೆ.

ಪರಿಹಾರ ಹಳೆಯ ಲಾರಿ ಚಾಲಕರಿಗೆಲ್ಲ ಗೊತ್ತಿರುವಂಥದು: ಯಾವ ಗೇರಿನಲ್ಲಿ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ಎಂಜಿನ್ನೇ ಗಾಡಿಯನ್ನು ಹಿಡಿಯಲಿ. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್‌ಗೆ ಹಾಕಿ ಇಳಿಯುವವರು ಇಂದಿಗೂ ಇದ್ದಾರೆ. ಕೆಲವರು ಎಂಜಿನ್ ಆಫ್ ಮಾಡುತ್ತಾರೆ; ಆಗ ನಾಲ್ಕಾರು ಬಾರಿ ಬ್ರೇಕ್ ತುಳಿಯುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ, ಸ್ಟೀರಿಂಗೂ ಭಾರವಾಗುತ್ತದೆ. ಈಚೆಗೆ ಇದಕ್ಕೆ ಇನ್ನೊಂದು ಸೇರಿದೆ. ವಾರಾಂತ್ಯಕ್ಕೆಂದು ಬಾಡಿಗೆಗೆ ತರುವ ಆಟೊಮ್ಯಾಟಿಕ್ ಕಾರು. ಊರಿನ ಟ್ರಾಫಿಕ್ಕಿನಲ್ಲಿ ‘ಡಿ’ಯಲ್ಲೇ ಓಡಿಸಿ ರೂಢಿಯಾದವರಿಗೆ ಅದರಲ್ಲಿ ‘ಎಲ್’ ಅಥವಾ ಮ್ಯಾನ್ಯುವಲ್ ಎಂಬುದು ಏಕಿದೆ ಎಂದೇ ತಿಳಿದಿರುವುದಿಲ್ಲ. ಕಾರು ಕೊಡುವವರು ಚಾಲನಾ ಪರವಾನಗಿಯ ಫೋಟೊ ತೆಗೆದುಕೊಳ್ಳುತ್ತಾರೆ, ಗೀರುಗಳ ಲೆಕ್ಕ ಬರೆದುಕೊಳ್ಳುತ್ತಾರೆ. ಘಾಟಿ ಇಳಿಸಲು ಬರುತ್ತದೆಯೇ ಎಂದು ಕೇಳುವುದಿಲ್ಲ.

ಇದರ ಜೊತೆಗೆ ಹೊತ್ತಿನ ಒತ್ತಡ. ಬಂಡೀಪುರದ ಕಾಡಿನ ರಸ್ತೆಗಳು 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತವೆ. ಪ್ರಾಣಿಗಳ ದೃಷ್ಟಿಯಿಂದ ಅದು ಬೇಕೇ ಬೇಕಾದ ನಿಯಮ, ಅದನ್ನು ಸಡಿಲಿಸಬೇಕೆಂಬ ವಾದಕ್ಕೆ ನನ್ನ ಸಮ್ಮತಿಯಿಲ್ಲ. ಆದರೆ ಭಾನುವಾರ ಸಂಜೆ ಊಟಿಯ ಮಾರುಕಟ್ಟೆಯಲ್ಲಿ ಚಾಕೊಲೇಟು, ನೀಲಗಿರಿ ಎಣ್ಣೆ ಕೊಳ್ಳುತ್ತ ಹೊತ್ತು ಕಳೆದ ಕುಟುಂಬ ಗೇಟು ಮುಚ್ಚುವ ಮೊದಲು ದಾಟಬೇಕೆಂದು ಘಾಟಿಯಲ್ಲಿ ಓಡಿಸುವ ವೇಗ ಇದೆಯಲ್ಲ, ಅದು ಚಾಲಕನೊಬ್ಬನ ಸ್ವಭಾವದೋಷವಲ್ಲ. ಮಧ್ಯಾಹ್ನದ ಊಟ ಮುಗಿಸಿ ಹೊರಡಿ ಎಂದು ಹೋಟೆಲಿನವರೇ ಹೇಳಿ ಕಳಿಸಿದರೆ ಅರ್ಧ ಅಪಾಯ ಅಲ್ಲೇ ಇಳಿದೀತು.

ಇದೇ ನೀಲಗಿರಿಯಲ್ಲಿ ಇಳಿಜಾರನ್ನು ಗೌರವದಿಂದ ಕಂಡವರೂ ಇದ್ದರು. ಮೆಟ್ಟುಪಾಳ್ಯದಿಂದ ಊಟಿಗೆ 46 ಕಿ.ಮೀ. ಏರುವ ಪುಟ್ಟ ರೈಲು 1899ರಲ್ಲಿ ಕೂನೂರಿಗೂ 1908ರಲ್ಲಿ ಊಟಿಗೂ ಬಂತು. ಕೂನೂರಿನ ಕೆಳಗಿನ ಕಡಿದಾದ ಭಾಗದಲ್ಲಿ ಎಂಜಿನ್ ಸದಾ ಇಳಿಜಾರಿನ ಕಡೆಗೇ ಇರುತ್ತದೆ: ಏರುವಾಗ ಹಿಂದಿನಿಂದ ತಳ್ಳುತ್ತದೆ, ಇಳಿಯುವಾಗ ಮುಂದೆ ನಿಂತು ತಡೆಯುತ್ತದೆ. ಹಳಿಗಳ ನಡುವೆ ಹಲ್ಲಿನ ಪಟ್ಟಿ. ಅದೂ ಸಾಲದೆಂದು ಬೋಗಿಬೋಗಿಗೆ ಒಬ್ಬೊಬ್ಬ ಬ್ರೇಕ್‌ಮನ್. ಒಂದು ತಪ್ಪಿದರೆ ಇನ್ನೊಂದು ಹಿಡಿಯಬೇಕು ಎಂಬ ಯೋಚನೆ ಆ ರೈಲಿನ ಉದ್ದಕ್ಕೂ ಇದೆ. ‘ನಿಧಾನವಾಗಿ ಚಲಿಸಿ’ ಎಂದು ಬರೆದು ಅವರು ಕೈತೊಳೆದುಕೊಳ್ಳಲಿಲ್ಲ. ನಮ್ಮ ಘಾಟಿ ರಸ್ತೆಗಳಲ್ಲಿ ಇಂಥ ಯೋಚನೆ ಬಂದರೆ ಬೆಟ್ಟದ ತುದಿಯಲ್ಲಿ ಎಲ್ಲ ವಾಹನಗಳೂ ನಿಂತು ಗೇರ್ ಇಳಿಸಿಕೊಂಡು ಹೊರಡುವ ಚೆಕ್‌ಪೋಸ್ಟ್ ಇರುತ್ತದೆ, ನಡುವೆ ಬ್ರೇಕ್ ಆರಿಸಿಕೊಳ್ಳಲು ಜಾಗವಿರುತ್ತದೆ, ಹಿಡಿತ ತಪ್ಪಿದ ಗಾಡಿ ನುಗ್ಗಿ ನಿಲ್ಲಲು ಜಲ್ಲಿ ತುಂಬಿದ ಪಕ್ಕದ ಏರು ಇರುತ್ತದೆ.

ಸರ್ಕಾರಗಳು ಸುಮ್ಮನೆ ಕೂತಿಲ್ಲ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಊಟಿ, ಕೊಡೈಕೆನಾಲ್‌ಗೆ ಇ-ಪಾಸ್ ಬಂತು. 2025ರ ಬೇಸಿಗೆಯಲ್ಲಿ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳೆಂಬ ಮಿತಿ ಹಾಕಿದರು. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಗೂ ಈಗ ಮುಂಗಡ ನೋಂದಣಿ ಬೇಕು. ಬೆಟ್ಟದ ಧಾರಣಶಕ್ತಿಯ ದೃಷ್ಟಿಯಿಂದ ಇವು ಒಳ್ಳೆಯ ಕ್ರಮಗಳು. ಆದರೆ ಅವು ವಾಹನಗಳನ್ನು ಎಣಿಸುತ್ತವೆ, ಅಷ್ಟೇ. ಪಾಸು ಸಿಕ್ಕಿತೆಂದರೆ ದಾರಿ ಕ್ಷೇಮ ಎಂದು ಯಾರೂ ತಿಳಿಯಬಾರದು.

ಇನ್ನು ರೆಸಾರ್ಟಿನ ಒಳಗೆ. ಕೌಂಟರಿನಲ್ಲಿ ಚಾಚುವ ಮುಚ್ಚಳಿಕೆಯ ಒಕ್ಕಣೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: ಈಜುಕೊಳ, ಸಾಹಸ ಕ್ರೀಡೆ, ಕಾಡಿನ ನಡಿಗೆ ಎಲ್ಲವೂ ನನ್ನ ಸ್ವಂತ ಜವಾಬ್ದಾರಿ, ಏನೇ ಆದರೂ ಆಡಳಿತ ಹೊಣೆಯಲ್ಲ. ಪ್ರಯಾಣದಿಂದ ಸೋತು ಬಂದವರು ಓದದೆ ಸಹಿ ಹಾಕುತ್ತಾರೆ. ಓದಿದವರಿಗೂ ಬೇರೆ ದಾರಿಯಿಲ್ಲ, ಹಣ ಮೊದಲೇ ಕಟ್ಟಿರುತ್ತಾರೆ. ಇದನ್ನು ಸುರಕ್ಷತೆಯ ಕಾಗದ ಎಂದು ನಾನು ಕರೆಯಲಾರೆ. ಇದು ಮಾಲೀಕನ ಸುರಕ್ಷತೆಯ ಕಾಗದ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ಕರಾರನ್ನು ಪ್ರಶ್ನಿಸಲು ಅವಕಾಶ ಕೊಟ್ಟಿದೆ ಎಂಬುದನ್ನು ಸಹಿ ಹಾಕಿದವರು ನೆನಪಿಡಬೇಕು.

ಈಜುಕೊಳದ ಮಾತು ಬಂದಾಗ 2024ರ ನವೆಂಬರ್ ಮರೆಯಲಾಗದು. ಮೈಸೂರಿನ ಮೂವರು ಯುವತಿಯರು ಉಳ್ಳಾಲದ ಬಳಿಯ ಒಂದು ರೆಸಾರ್ಟಿನ ಈಜುಕೊಳದಲ್ಲಿ ಮುಳುಗಿ ಸತ್ತರು. ಒಬ್ಬಳು ಆಳದ ಕಡೆ ಸರಿದಳು, ಕೈಹಿಡಿಯಲು ಹೋದವರೂ ಮುಳುಗಿದರು. ಅಲ್ಲಿ ಲೈಫ್‌ಗಾರ್ಡ್ ಇರಲಿಲ್ಲ. ಅದು ಕಡಲತೀರ, ಬೆಟ್ಟವಲ್ಲ. ಆದರೆ ಬೆಟ್ಟದ ಮೇಲಿನ ಕೊಳಗಳ ಸ್ಥಿತಿ ಬೇರೆಯಿಲ್ಲ. ಮುಳುಗುವವರು ಸಿನಿಮಾದಲ್ಲಿ ತೋರಿಸುವ ಹಾಗೆ ಕೂಗುವುದಿಲ್ಲ, ಉಸಿರಿಗೇ ಬಾಯಿ ಸಾಲದು. ದಂಡೆಯಲ್ಲಿ ಕೂತವರಿಗೆ ಆಟವಾಡುತ್ತಿದ್ದಾರೆ ಎಂದೇ ಅನಿಸುತ್ತದೆ. ನೋಡುವುದನ್ನೇ ಕೆಲಸ ಮಾಡಿಕೊಂಡ ಒಬ್ಬ ಮನುಷ್ಯ ಅಲ್ಲಿ ನಿಂತಿರಬೇಕಾದದ್ದು ಇದಕ್ಕೇ. ನೈಲಾನ್ ಬಟ್ಟೆ ಕಡ್ಡಾಯ ಎಂಬ ನಿಯಮವನ್ನು ಬಿಡದೆ ಪಾಲಿಸುವ ರೆಸಾರ್ಟುಗಳು ಈ ಒಬ್ಬನಿಗೆ ಸಂಬಳ ಕೊಡಲು ಹಿಂದೆಗೆಯುತ್ತವೆ.

ಕೋಣೆಯೊಳಗಿನ ಅಪಾಯ ಕಣ್ಣಿಗೂ ಕಾಣದು, ಮೂಗಿಗೂ ಸಿಗದು. ಮೇ ತಿಂಗಳಲ್ಲೂ ಊಟಿ, ಕೊಡೈಕೆನಾಲ್‌ನ ರಾತ್ರಿ ಚಳಿಯಿರುತ್ತದೆ. ಕ್ಯಾಂಪ್‌ಫೈರಿನ ಕೆಂಡವನ್ನು ಒಳಗೆ ತಂದಿಟ್ಟು ಬಾಗಿಲು ಹಾಕಿಕೊಂಡರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಮಲಗಿದವರು ಏಳುವುದಿಲ್ಲ. ಕೊಡೈಕೆನಾಲ್‌ನಲ್ಲಿ 2024ರಲ್ಲಿ ಹೀಗೆ ಇಬ್ಬರು ಸತ್ತರು. ಹೋಂಸ್ಟೇಗಳ ಇಕ್ಕಟ್ಟಾದ ಬಚ್ಚಲಿನಲ್ಲಿ ಕೂರಿಸಿದ ಗ್ಯಾಸ್ ಗೀಸರ್‌ನಿಂದಲೂ ಇದೇ ಅನಿಲ ಬರುತ್ತದೆ. ಗೀಸರನ್ನು ಹೊರಗೋಡೆಗೆ ಹಾಕಿ ಪೈಪು ಒಳಗೆ ತಂದರೆ ಆಯಿತು, ದೊಡ್ಡ ಖರ್ಚೇನಲ್ಲ. ಬಚ್ಚಲೊಳಗೇ ಸಿಲಿಂಡರ್, ಗೀಸರ್ ಕಂಡರೆ ಬಕೆಟ್ಟಿನಲ್ಲಿ ಬಿಸಿನೀರು ತರಿಸಿಕೊಳ್ಳಿ, ಸಂಕೋಚ ಬೇಡ.

ಟೆಂಟುಗಳ ಬಗ್ಗೆ ನನ್ನ ತೀರ್ಮಾನ ಖಡಾಖಂಡಿತ. ಆನೆ ಓಡಾಡುವ ತೋಟದಂಚಿನಲ್ಲಿ ಬಟ್ಟೆಯ ಗೋಡೆಯ ಹಿಂದೆ ಜನರನ್ನು ಮಲಗಿಸಿ ಹಣ ಪಡೆಯುವುದು ತಪ್ಪು. 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿಯ ಬಳಿ ರೆಸಾರ್ಟಿನ ಟೆಂಟಿನಲ್ಲಿ ತಂಗಿದ್ದ ಯುವತಿಯೊಬ್ಬರನ್ನು ಆನೆ ಕೊಂದಿತು. ಏಪ್ರಿಲ್, ಮೇ ತಿಂಗಳ ಸಂಜೆ ಮಲೆನಾಡಿನಲ್ಲಿ ಗುಡುಗು-ಸಿಡಿಲಿನ ಹೊತ್ತು. ಸಿಡಿಲಿಗೂ ಟೆಂಟು ಅಡ್ಡವಾಗದು. ಗುಡುಗು ಕೇಳಿದ ಮೇಲೆ ಗುಡ್ಡದ ನೆತ್ತಿಯಲ್ಲಿ, ಒಂಟಿ ಮರದಡಿ ನಿಲ್ಲದೆ ಕಾರಿನೊಳಗಾದರೂ ಸೇರಿಕೊಳ್ಳಬೇಕು, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಅಲ್ಲೇ ಇರಬೇಕು.

ಬೇಸಿಗೆಯ ಮಲೆನಾಡಿಗೇ ಸೇರಿದ ಇನ್ನೊಂದು ಅಪಾಯವನ್ನು ರೆಸಾರ್ಟಿನ ಯಾವ ಹಾಳೆಯಲ್ಲೂ ನಾನು ಓದಿಲ್ಲ: ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣುಗಿನ ಕಡಿತದಿಂದ ಬರುತ್ತದೆ. ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಸರಿಯಾಗಿ ಪ್ರವಾಸದ ಕಾಲದಲ್ಲಿ, ಅದರ ಹಾವಳಿ. ಈಚಿನ ವರ್ಷಗಳಲ್ಲಿ ಶಿವಮೊಗ್ಗ, ಉತ್ತರ ಕನ್ನಡಗಳ ಜೊತೆ ಚಿಕ್ಕಮಗಳೂರು ಜಿಲ್ಲೆಯಲ್ಲೂ ಜನ ಸತ್ತಿದ್ದಾರೆ. ಹಳೆಯ ಲಸಿಕೆ ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಂತಿತು. ಕಾಡಿಗೆ ಸೊಪ್ಪು, ಸೌದೆ ತರಲು ಹೋಗುವ ಊರಿನವರಿಗೆ ಆರೋಗ್ಯ ಇಲಾಖೆ ಮೈಗೆ ಹಚ್ಚಿಕೊಳ್ಳಲು ಡೆಪಾ ಎಣ್ಣೆ ಹಂಚುತ್ತದೆ. ಅದೇ ತರಗೆಲೆಯ ಮೇಲೆ ಚಡ್ಡಿ, ಚಪ್ಪಲಿಯಲ್ಲಿ ‘ನೇಚರ್ ವಾಕ್’ ಹೋಗುವ ಅತಿಥಿಗೆ ಯಾರೂ ಏನೂ ಹೇಳುವುದಿಲ್ಲ. ಮಂಗ ಸತ್ತ ಸುದ್ದಿ ಇರುವ ಕಡೆ ಕಾಡಿನ ನಡಿಗೆ ನಿಲ್ಲಿಸಬೇಕಾದದ್ದು ರೆಸಾರ್ಟಿನ ಕರ್ತವ್ಯ. ವ್ಯಾಪಾರ ಕೆಡುತ್ತದೆಂದು ಮುಚ್ಚಿಡುವುದು ಅಪರಾಧಕ್ಕೆ ಸಮ. ಕಡಿತವಾಗಿ ಮೂರರಿಂದ ಎಂಟು ದಿನಕ್ಕೆ ಜ್ವರ ಬರುವುದರಿಂದ ಅಷ್ಟರಲ್ಲಿ ಪ್ರವಾಸಿ ಊರು ಸೇರಿರುತ್ತಾನೆ. ಬೆಂಗಳೂರಿನ ವೈದ್ಯರು ಪ್ಲೇಟ್‌ಲೆಟ್ ಇಳಿದಿದ್ದು ಕಂಡು ಡೆಂಗ್ಯೂ ಎಂದುಕೊಳ್ಳುವುದು ಸಹಜ. ಆದ್ದರಿಂದ ಮಲೆನಾಡಿನಿಂದ ಬಂದ ಎರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆವು ಎಂಬುದನ್ನು ವೈದ್ಯರು ಕೇಳದಿದ್ದರೂ ಹೇಳಿ.

ರೂಮಿಗೆ ಮುಂಗಡ ಕಟ್ಟುವಾಗ ತಿಂಡಿ ಸೇರಿದೆಯೇ ಎಂದು ಕೇಳುವ ನಾವು ಇನ್ನು ಕೆಲವು ಪ್ರಶ್ನೆ ಸೇರಿಸಬೇಕು. ಕೊಳದ ಬಳಿ ಲೈಫ್‌ಗಾರ್ಡ್ ಎಷ್ಟು ಹೊತ್ತು ಇರುತ್ತಾರೆ? ಗೀಸರ್ ಎಲ್ಲಿದೆ? ರಾತ್ರಿ ಮೈ ಕೆಟ್ಟರೆ ಯಾವ ಆಸ್ಪತ್ರೆ, ಎಷ್ಟು ದೂರ, ಕರೆದೊಯ್ಯುವವರು ಯಾರು? ಅಲ್ಲಿ ಮೊಬೈಲ್ ಸಿಗ್ನಲ್ ಇದೆಯೇ? ಚೆನ್ನಾಗಿ ನಡೆಸುವವರಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ, ಅವರು ಖುಷಿಯಿಂದಲೇ ವಿವರಿಸುತ್ತಾರೆ. ಉತ್ತರ ತಡವರಿಸಿದರೆ ಅಲ್ಲಿ ಬುಕ್ ಮಾಡಬೇಡಿ.