ಹಸಿರು ಸರದ ಮಾಸಲು ಮಣಿ

ನಾಟಿಯಾಗಿ ಮೂರು ವಾರ ಕಳೆದ ಗದ್ದೆಯಿಂದ ಗೆಳೆಯರೊಬ್ಬರು ಬಾಟಲಿಯಲ್ಲಿ ನೀರು ತಂದುಕೊಟ್ಟಿದ್ದರು. ಮೇಲೆ ಲೋಳೆಲೋಳೆಯಾದ ಹಾವಸೆ. ಅದರ ಚೂರನ್ನು ಸ್ಲೈಡಿನ ಮೇಲಿಟ್ಟು, 400 ಪಟ್ಟು ಹಿಗ್ಗಿಸಿ ನೋಡಿದಾಗ ಕಂಡದ್ದು ಅನಬೀನಾ: ಒಂದಕ್ಕೊಂದು ಅಂಟಿಕೊಂಡ ಹಸಿರು ಕೋಶಗಳ ಎಳೆ. ಕರಿಮಣಿ ಸರದಲ್ಲಿ ಅಲ್ಲಲ್ಲಿ ಚಿನ್ನದ ಗುಂಡು ಪೋಣಿಸಿದ ಹಾಗೆ, ನಡುನಡುವೆ ತುಸು ದಪ್ಪನೆಯ, ಬಣ್ಣ ಮಾಸಿದ ಕೋಶ. ಅದೇ ಹೆಟೆರೋಸಿಸ್ಟ್. ಸೂಕ್ಷ್ಮದರ್ಶಕದ ಹವ್ಯಾಸಕ್ಕೆ ಬಿದ್ದ ಮೇಲೆ ನಾನು ಕಂಡವುಗಳಲ್ಲಿ ಇದಕ್ಕಿಂತ ಚೆಲುವಾದದ್ದು ಇನ್ನೊಂದಿಲ್ಲ.

ಬಹುಪಾಲು ಹವ್ಯಾಸಿಗಳು ಇದನ್ನು ಸತ್ತ ಕೋಶವೆಂದು ದಾಟಿಬಿಡುತ್ತಾರೆ. ಬಲ್ಲವರಿಗೂ ಇದು ಬಹುಕಾಲ ಬಿಡಿಸಲಾಗದ ಗಂಟಾಗಿತ್ತು. ಪಾಚಿಶಾಸ್ತ್ರದ ದಿಗ್ಗಜ ಎಫ್. ಇ. ಫ್ರಿಶ್ 1951ರಲ್ಲೂ ಇದನ್ನು ಸಸ್ಯಶಾಸ್ತ್ರದ ಒಗಟೆಂದೇ ಕರೆದರು. ಭತ್ತದ ಗದ್ದೆಗೆ ಸಾರಜನಕ ಕೂಡಿಸುವುದು ಮುಖ್ಯವಾಗಿ ಅನಬೀನಾದಂಥ ನೀಲಿ-ಹಸಿರು ಪಾಚಿಗಳೇ ಎಂದು ಪಿ. ಕೆ. ಡೇ 1939ರಲ್ಲೇ ತೋರಿಸಿದ್ದರು. (ಇವು ನಿಜಕ್ಕೂ ಬ್ಯಾಕ್ಟೀರಿಯಾ. ಪಾಚಿ ಎನ್ನುವುದು ನಾಲಗೆಗೆ ಅಂಟಿದ ರೂಢಿ.) ಆದರೆ ಆ ಕೆಲಸ ನಡೆಯುವ ಜಾಗ ಈ ಮಾಸಲು ಕೋಶವೇ ಇರಬೇಕೆಂಬ ವಾದ ಗಟ್ಟಿಯಾಗಿ ಮುಂದೆ ಬಂದದ್ದು 1968ರಲ್ಲಿ, ಫೇ, ಸ್ಟೂವರ್ಟ್, ವಾಲ್ಸ್‌ಬಿ ಮತ್ತು ಫಾಗ್ ಅವರಿಂದ.

ಗಾಳಿಯ ಸಾರಜನಕವನ್ನು ಒಡೆಯುವ ನೈಟ್ರೋಜಿನೇಸ್ ಎಂಬ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಕೆಟ್ಟುಹೋಗುತ್ತದೆ. ಈ ಜೀವಿಗಳಾದರೋ ಬಿಸಿಲಿನಲ್ಲಿ ಆಮ್ಲಜನಕವನ್ನೇ ಉಸಿರುಬಿಡುವಂಥವು. ಎರಡೂ ಒಂದೇ ಕೋಶದಲ್ಲಿ ಹಗಲು ಹೊತ್ತು ಹೊಂದುವುದಿಲ್ಲ. ಹಾಗಾಗಿ ಎಳೆಯ ಕೆಲವು ಕೋಶಗಳು ತಮ್ಮ ಬಾಳನ್ನೇ ಬದಲಿಸಿಕೊಳ್ಳುತ್ತವೆ. ನೀರನ್ನು ಒಡೆದು ಆಮ್ಲಜನಕ ಬಿಡುವ ಭಾಗವನ್ನು ಕಳಚಿ, ಬೆಳಕಿನಿಂದ ಶಕ್ತಿ ಪಡೆಯುವ ಭಾಗವನ್ನಷ್ಟೇ ಉಳಿಸಿಕೊಳ್ಳುತ್ತವೆ. ಹೊರಗೋಡೆಯನ್ನು ಸಕ್ಕರೆ ಮತ್ತು ಕೊಬ್ಬಿನ ಪದರಗಳಿಂದ ದಪ್ಪಗೊಳಿಸುತ್ತವೆ. ಇಷ್ಟಕ್ಕೆ ಸುಮಾರು ಒಂದು ದಿನ ಸಾಕು. ಅಲ್ಲಿಂದಾಚೆ ಆ ಕೋಶ ಒಡೆದು ಎರಡಾಗುವುದಿಲ್ಲ, ಹಿಂದಿನ ರೂಪಕ್ಕೂ ಮರಳುವುದಿಲ್ಲ. ತನ್ನ ಊಟವನ್ನೂ ತಾನು ಮಾಡಿಕೊಳ್ಳಲಾರದು. ನೆರೆಯ ಕೋಶಗಳು ಸಕ್ಕರೆ ಕೊಡುತ್ತವೆ, ಇದು ಗ್ಲುಟಮಿನ್ ರೂಪದಲ್ಲಿ ಸಾರಜನಕ ಕೊಡುತ್ತದೆ. ಲೆನ್ಸನ್ನು ನಿಧಾನವಾಗಿ ಹೊಂದಿಸಿದರೆ ಆ ಕೊಡುಕೊಳ್ಳುವಿಕೆ ನಡೆಯುವ ಕಿರುಗಂಟಲಿನ ಬಳಿ ಹೊಳೆಯುವ ಚುಕ್ಕಿಯೊಂದು ಕಾಣುತ್ತದೆ. ಅದು ಸಾರಜನಕದ ದಾಸ್ತಾನು. ಅದು ಕಂಡ ದಿನ ನನಗೆ ಸ್ಲೈಡ್ ತೊಳೆಯಲು ಮನಸ್ಸಾಗುವುದಿಲ್ಲ.

ಎರಡು ಹೆಟೆರೋಸಿಸ್ಟ್‌ಗಳ ನಡುವಿನ ಕೋಶಗಳನ್ನು ಎಣಿಸುವುದು ನನ್ನ ಅಭ್ಯಾಸ. ಆ ಬಾಟಲಿಯ ನೀರಿನಲ್ಲಿ 11, 14, 12 ಸಿಕ್ಕವು. ಹತ್ತರಿಂದ ಇಪ್ಪತ್ತಕ್ಕೊಂದು ಎನ್ನುವುದು ಸಾಮಾನ್ಯ ಲೆಕ್ಕ. ಹೆಟೆರೋಸಿಸ್ಟ್ ಆಗಹೊರಟ ಕೋಶ ಪ್ಯಾಟ್‌ಎಸ್ ಎಂಬ ಪುಟ್ಟ ಪೆಪ್ಟೈಡನ್ನು ಅಕ್ಕಪಕ್ಕಕ್ಕೆ ಹರಿಯಬಿಟ್ಟು, ನೆರೆಯವು ತನ್ನಂತಾಗದಂತೆ ತಡೆಯುತ್ತದೆ. ಆ ತಡೆ ಕ್ಷೀಣಿಸಿದಷ್ಟು ದೂರದಲ್ಲಿ ಮುಂದಿನದು ಹುಟ್ಟುತ್ತದೆ.

ಹೊಸಬರು ಅಜೋಲಾ ಎಂಬ ತೇಲುವ ಜರೀಗಿಡದಿಂದ ಶುರುಮಾಡುವುದು ಒಳ್ಳೆಯದು. ಹಸುಗಳಿಗೆಂದು ಅದನ್ನು ಗುಂಡಿಯಲ್ಲಿ ಬೆಳೆಸುವವರು ಈಗ ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದಾರೆ. ಬಲಿತ ಎಲೆಯೊಂದನ್ನು ಸ್ಲೈಡಿನ ಮೇಲೆ ಹಿಸುಕಿದರೆ, ಎಲೆಯ ಪೊಟರೆಯಲ್ಲಿ ವಾಸವಾಗಿರುವ ಅನಬೀನಾ ಹೊರಗೆ ಚೆಲ್ಲುತ್ತದೆ. ಅದರಲ್ಲಿ ನಾಲ್ಕೈದು ಕೋಶಕ್ಕೊಂದು ಹೆಟೆರೋಸಿಸ್ಟ್ ಸಿಗುತ್ತದೆ. ಹುಡುಕಿ ಸೋಲುವ ಭಯವಿಲ್ಲ.

ಗದ್ದೆಯ ನೀರೇ ಬೇಕೆನ್ನುವವರು ಮೇಲುಗೊಬ್ಬರ ಹಾಕುವ ಮೊದಲೇ ಹೋಗಿ ತನ್ನಿ. ಯೂರಿಯಾ ಕರಗಿದ ನೀರಿನಲ್ಲಿ ಸಾರಜನಕ ಸುಲಭವಾಗಿ ದಕ್ಕುವುದರಿಂದ ಎಳೆಗಳು ಹೊಸ ಹೆಟೆರೋಸಿಸ್ಟ್‌ಗಳನ್ನು ಕಟ್ಟುವುದಿಲ್ಲ.