ಪರಾಗದ ಒಂದು ಕಣದಷ್ಟು ಆಳ

ಸಿಂಧನೂರು ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಅಕ್ಕಿ ಮೂಟೆ, ರೈಸ್ ಮಿಲ್ಲುಗಳ ಸಾಲು, ತುಂಗಭದ್ರಾ ಎಡದಂಡೆ ಕಾಲುವೆ. ನೆಲ್ಲಿಗೂ, ಅಂದರೆ ಭತ್ತಕ್ಕೂ, ಹೂವಿದೆ ಅನ್ನುವುದು ದಿನಾ ಅನ್ನ ಉಣ್ಣುವ ಎಷ್ಟೋ ಜನರ ಗಮನಕ್ಕೇ ಬಂದಿರುವುದಿಲ್ಲ. ಬೆಳೆಯುವವರಿಗೆ ಗೊತ್ತು, ಆದರೆ ನಿಂತು ನೋಡುವ ಪುರಸೊತ್ತು ಅವರಿಗೆಲ್ಲಿ? ಹೊಡೆ ಒಡೆದು ತೆನೆ ಹೊರಬಿದ್ದ ಮೇಲೆ, ಬಿಸಿಲು ಏರುತ್ತ ಬಂದಂತೆ, ಸುಮಾರು ಹತ್ತರಿಂದ ಹನ್ನೆರಡು ಗಂಟೆಯೊಳಗೆ ಕಾಳಿನ ಎರಡು ಸಿಪ್ಪೆಗಳು ಬಾಯಿ ಬಿಡುತ್ತವೆ. ಒಳಗಿನಿಂದ ಆರು ಕೇಸರಗಳು ಎದ್ದು ಬಂದು ಹೊರಗೆ ಜೋಲುತ್ತವೆ. ಸುಮಾರು ಒಂದು ತಾಸಿನಲ್ಲಿ ಸಿಪ್ಪೆ ಮತ್ತೆ ಮುಚ್ಚಿಕೊಳ್ಳುತ್ತದೆ. ಕೇಸರಗಳು ಹೊರಗೇ ಉಳಿದು ಒಣಗುತ್ತವೆ. ಒಡ್ಡಿನ ಮೇಲೆ ನಿಂತವರಿಗೆ ಕಾಣುವುದು ತೆನೆಯ ಮೇಲೊಂದು ತೆಳು ಬಿಳುಪು, ಅಷ್ಟೇ.

ಈ ಹೂವನ್ನು ಮ್ಯಾಕ್ರೊ ಲೆನ್ಸಿನಲ್ಲಿ ನೋಡುವುದು ದೊಡ್ಡ ಸುಖ. ಆ ಸುಖದಲ್ಲಿ ಅರ್ಧ ಪಾಲು ಚಿತ್ರದಲ್ಲಿ ಸ್ಪಷ್ಟವಾಗಿ ಕಂಡದ್ದರದ್ದು, ಇನ್ನರ್ಧ ಮಸುಕಾಗಿ ಉಳಿದದ್ದರದ್ದು ಅಂತ ನನ್ನ ಅನಿಸಿಕೆ. ದೂರದ ಗುಡ್ಡ, ಜಾತ್ರೆ, ತೇರು ತೆಗೆಯುವಾಗ ಹತ್ತು ಮಾರು ಹಿಂದೆ ಮುಂದೆ ಆದರೂ ಎಲ್ಲವೂ ಸ್ಪಷ್ಟವಾಗಿಯೇ ಬರುತ್ತದೆ. ಹತ್ತಿರ ಹೋದಷ್ಟೂ ಆ ಸ್ಪಷ್ಟ ಜಾಗ ತೆಳುವಾಗುತ್ತ ಹೋಗುತ್ತದೆ. ಫೋಟೋ ತೆಗೆಯುವವರು ಡೆಪ್ತ್ ಅನ್ನುವುದು ಇದನ್ನೇ. ನೆಲ್ಲಿನ ಹೂವಿನ ಮುಂದೆ ಆ ಡೆಪ್ತ್ ಎಷ್ಟು ಉಳಿಯುತ್ತದೆ ಅನ್ನುವುದನ್ನು ಮೊದಲೇ ಅಂದಾಜು ಮಾಡದಿದ್ದರೆ ಬೆಳಗೆಲ್ಲ ದಂಡ.

ಲೆಕ್ಕ ಕಷ್ಟದ್ದಲ್ಲ. ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ ಮೇಲೆ 0.03 ಮಿಲಿಮೀಟರ್ ಅಗಲದ ಮಸುಕನ್ನು ಕಣ್ಣು ಮನ್ನಿಸುತ್ತದೆ ಅಂತ ಇಟ್ಟುಕೊಳ್ಳಿ. ಅದರ ಎರಡರಷ್ಟು, ಅಂದರೆ 0.06ರಿಂದ ಅಪರ್ಚರ್ ಸಂಖ್ಯೆಯನ್ನು ಗುಣಿಸಿ. ಎಷ್ಟು ಪಟ್ಟು ಹಿಗ್ಗಿಸುತ್ತೀರೋ ಅದಕ್ಕೆ ಒಂದು ಕೂಡಿಸಿ, ಬಂದದ್ದರಿಂದ ಮತ್ತೆ ಗುಣಿಸಿ. ಕೊನೆಗೆ ಹಿಗ್ಗಿಸಿದ ಪಟ್ಟಿನ ವರ್ಗದಿಂದ ಭಾಗಿಸಿ. ಎಫ್ 8ರಲ್ಲಿ ಇದ್ದಷ್ಟೇ ಗಾತ್ರಕ್ಕೆ ತೆಗೆದರೆ 0.96 ಮಿಲಿಮೀಟರ್ ಸಿಗುತ್ತದೆ. ಎರಡು ಪಟ್ಟಿಗೆ 0.36. ಐದು ಪಟ್ಟಿಗೆ 0.12ಕ್ಕೂ ಕಡಿಮೆ, ಹೆಚ್ಚೂಕಡಿಮೆ ಝೆರಾಕ್ಸ್ ಹಾಳೆಯ ದಪ್ಪ. ಲೆನ್ಸು 60 ಎಂಎಂ ಇರಲಿ, 100 ಎಂಎಂ ಇರಲಿ, ಈ ಲೆಕ್ಕದೊಳಗೆ ಅದರ ಹೆಸರೇ ಬರುವುದಿಲ್ಲ. ಉದ್ದದ ಲೆನ್ಸು ಕೊಂಡರೆ ಡೆಪ್ತ್ ಬದಲಾದೀತು ಅನ್ನುವವರು ಹಣ ಉಳಿಸಬಹುದು. ಅದರಿಂದ ಸಿಗುವುದು ಹೂವಿನಿಂದ ಒಂದಿಷ್ಟು ದೂರ ನಿಲ್ಲುವ ಅನುಕೂಲ.

1999ರಲ್ಲಿ ಕ್ಯಾನನ್ ಹೊರತಂದ 65 ಎಂಎಂ ಎಂಪಿ-ಇ ಲೆನ್ಸು ಒಂದರಿಂದ ಐದು ಪಟ್ಟಿನವರೆಗೆ ಹಿಗ್ಗಿಸುತ್ತದೆ. ಅದರಿಂದ ದೂರದ ವಸ್ತುವಿನ ಚಿತ್ರ ತೆಗೆಯಲಾಗದು. ಐದು ಪಟ್ಟಿಗೆ ಇಟ್ಟು, ಅಪರ್ಚರ್ ಪೂರ್ತಿ ತೆರೆದು ಎಫ್ 2.8ರಲ್ಲಿ ನೋಡಿದರೆ ಮೇಲಿನ ಲೆಕ್ಕದಂತೆ ಉಳಿಯುವ ಡೆಪ್ತ್ 0.04 ಮಿಲಿಮೀಟರ್. ನೆಲ್ಲಿನ ಪರಾಗದ ಒಂದು ಕಣದ ಅಗಲವೂ ಸುಮಾರು ಅಷ್ಟೇ! ಪರಾಗಕೋಶವೋ ಎರಡು ಮಿಲಿಮೀಟರ್ ಉದ್ದ, ಅದೂ ಗಾಳಿಗೆ ತೂಗುವಂಥದ್ದು. ಅದರ ತುದಿಯ ಬಿರುಕಿನಲ್ಲಿ ಹೊಳೆಯುವ ನಾಲ್ಕಾರು ಕಣ ಮಾತ್ರ ಚೊಕ್ಕವಾಗಿ ನಿಲ್ಲುತ್ತವೆ. ಅವುಗಳ ಹಿಂದಿನ ಸಾಲು ಆಗಲೇ ಕರಗಿ ಹಳದಿ ಬೆಳಕಾಗಿರುತ್ತದೆ. ಸಿಪ್ಪೆಯೊಳಗಿನ ಎರಡು ಗರಿಯಂಥ ಶಲಾಕಾಗ್ರಗಳು ಇವೆಯೋ ಇಲ್ಲವೋ ಅನ್ನುವಂತೆ ತೋರುತ್ತವೆ. ಆ ಕಣಗಳಿಗೆ ಜೀವವಿರುವುದು ಕೆಲವೇ ನಿಮಿಷ ಅನ್ನುವುದು ಗೊತ್ತಿದ್ದವರಿಗೆ ಈ ಚಿತ್ರದ ರುಚಿಯೇ ಬೇರೆ.

ಹಾಗಾದರೆ ಅಪರ್ಚರನ್ನು ಎಫ್ 16ಕ್ಕೆ ಮುಚ್ಚಿಬಿಟ್ಟರಾಯಿತಲ್ಲ? ಇಲ್ಲಿ ಬೆಳಕು ತನ್ನ ಕಿತಾಪತಿ ತೋರಿಸುತ್ತದೆ. ಐದು ಪಟ್ಟಿನಲ್ಲಿ ಎಫ್ 16 ಅನ್ನುವುದು ಸೆನ್ಸರಿನ ಲೆಕ್ಕಕ್ಕೆ ಆರು ಪಟ್ಟಾಗಿ ಎಫ್ 96 ಆಗುತ್ತದೆ. ಅಷ್ಟು ಸಣ್ಣ ತೂತಿನಲ್ಲಿ ನುಗ್ಗುವ ಬೆಳಕು ಹರಡಿ, ಒಂದು ಚುಕ್ಕೆ ಸೆನ್ಸರಿನ ಮೇಲೆ 0.13 ಮಿಲಿಮೀಟರ್ ಅಗಲದ ಬಿಲ್ಲೆಯಾಗಿ ಬೀಳುತ್ತದೆ. ನಾವು ಮನ್ನಿಸಿದ್ದು 0.03. ಡೆಪ್ತ್ ಕಾಗದದ ಮೇಲೆ ಹೆಚ್ಚುತ್ತದೆ, ಆದರೆ ಇಡೀ ಚಿತ್ರವೇ ಮಂಜಾಗುತ್ತದೆ. ಐದು ಪಟ್ಟಿನಲ್ಲಿ ಎಫ್ 4 ದಾಟಲು ನನಗೆ ಮನಸ್ಸು ಬರುವುದಿಲ್ಲ.

ಸೂತ್ರದ ಮೇಲೆ ನಂಬಿಕೆ ಸಾಲದವರಿಗೆ ಉಕ್ಕಿನ ಸ್ಕೇಲ್ ಇದೆ. ಅದನ್ನು ಲೆನ್ಸಿನ ಮುಂದೆ 45 ಡಿಗ್ರಿ ಓರೆಯಾಗಿಟ್ಟು ಒಂದು ಫೋಟೋ ತೆಗೆಯಿರಿ. ಎಷ್ಟು ಗೆರೆ ಸ್ಪಷ್ಟವಾಗಿವೆ ಎಣಿಸಿ, ಆ ಉದ್ದವನ್ನು 0.7ರಿಂದ ಗುಣಿಸಿ. ನಿಮ್ಮ ಲೆನ್ಸಿನ, ನಿಮ್ಮ ಕಣ್ಣಿನ ಡೆಪ್ತ್ ಅದು. ಪುಸ್ತಕದ ಪಟ್ಟಿಗಿಂತ ಇದನ್ನೇ ನಾನು ಹೆಚ್ಚು ನಂಬುತ್ತೇನೆ.

ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿಯ ಕಲ್ಲಿಗೆ ಬಂದರೆ ಆಟದ ಪಟ್ಟು ಬದಲಾಗುತ್ತದೆ. ಒಂದು ಟನ್ ಅದಿರಿನಲ್ಲಿ ಸಿಗುವುದು ಕೆಲವೇ ಗ್ರಾಂ ಚಿನ್ನ. ಬಹುಪಾಲು ಕಲ್ಲಿನಲ್ಲಿ ಬರಿಗಣ್ಣಿಗೆ ಏನೂ ಕಾಣದು. ಬೆಣಚುಕಲ್ಲಿನ ಬಿರುಕಿನಲ್ಲಿ ಎಲ್ಲೋ ಒಂದು ಚೂರು ಮಿನುಗಿದರೆ ಅದು ಪುಣ್ಯ. ಚಿನ್ನವೆಂದು ಭ್ರಮೆ ಹುಟ್ಟಿಸುವ ಪೈರೈಟಿನ, ಅಂದರೆ ಕಬ್ಬಿಣ-ಗಂಧಕದ, ಹರಳಿಗೆ ಚೂಪು ಅಂಚು, ನೇರ ಮುಖ. ಚಿನ್ನಕ್ಕೆ ಅಂಥ ಶಿಸ್ತಿಲ್ಲ, ಬಿರುಕು ಹೋದ ಹಾಗೆ ಅದೂ ಹೋಗಿರುತ್ತದೆ. ಕಲ್ಲು ಗಾಳಿಗೆ ಅಲುಗದು, ಆದ್ದರಿಂದ ಸ್ಟ್ಯಾಕಿಂಗ್, ಅಂದರೆ ಫೋಕಸನ್ನು ಚೂರುಚೂರೇ ಸರಿಸುತ್ತ ತೆಗೆದ ಹಲವು ಚಿತ್ರಗಳನ್ನು ಒಂದಾಗಿಸುವುದು, ಇಲ್ಲಿ ಸಾಧ್ಯ. 0.04ರ ಡೆಪ್ತಿಗೆ 0.03ರ ಹೆಜ್ಜೆ ಇಟ್ಟರೆ ಮೂರು ಮಿಲಿಮೀಟರ್ ಆಳಕ್ಕೆ ನೂರು ಚಿತ್ರ ಬೇಕು. ಒಂದು ಸುತ್ತಿಗೆ ಒಂದು ಮಿಲಿಮೀಟರ್ ಸರಿಯುವ ಸ್ಕ್ರೂ ಇರುವ, ಕ್ಯಾಮೆರಾ ಕೂರಿಸುವ ರೈಲ್ ಆದರೆ ಪ್ರತಿ ಹೆಜ್ಜೆಗೆ ಹನ್ನೊಂದು ಡಿಗ್ರಿಯಷ್ಟು ತಿರುಗಿಸಬೇಕು. ಬೇಸರದ ಕೆಲಸವೇ. ಆದರೆ ನೂರೂ ಸೇರಿ ಒಂದಾದಾಗ ಬಿರುಕಿನ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಚಿನ್ನ ಹೇಗೆ ಹಬ್ಬಿದೆ ಅನ್ನುವುದು ತಿಳಿಯುತ್ತದೆ.

ಚಿನ್ನದ ಬೆನ್ನು ಹತ್ತಿದ ಕಣ್ಣು ಬೇರೇನನ್ನೋ ಕಾಣುವುದು ಈ ಸೀಮೆಗೆ ಹೊಸದಲ್ಲ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಮಸ್ಕಿಯ ಗುಡ್ಡದಲ್ಲಿ ಕಂಡದ್ದು ಅಶೋಕನ ಹೆಸರನ್ನೇ ಹೇಳುವ ಶಾಸನ. ಅಲ್ಲಿಯವರೆಗೆ ಸಿಕ್ಕ ಅವನ ಶಾಸನಗಳಲ್ಲಿ ಇದ್ದದ್ದು ದೇವಾನಂಪ್ರಿಯ ಅನ್ನುವ ಬಿರುದು. ಸವೆದ ಬ್ರಾಹ್ಮಿ ಅಕ್ಷರ ಓದಲು ಓರೆ ಬೆಳಕು ಬೇಕು, ಮ್ಯಾಕ್ರೊಗೂ ಅದೇ ಬೇಕು. ಆ ಗುಡ್ಡದ ಯಾವ ಬಂಡೆಗಾದರೂ ಸಂಜೆಯ ಬಿಸಿಲಿನಲ್ಲಿ ಲೆನ್ಸು ಒಡ್ಡಿ ನೋಡಿ. ಇದ್ದಷ್ಟೇ ಗಾತ್ರಕ್ಕೆ ತೆಗೆದಾಗ ಹರಳುಗಳ ಏರುತಗ್ಗು ಒಂದು ಮಿಲಿಮೀಟರ್ ದಾಟಿದರೂ ಎಫ್ 8ರ ಡೆಪ್ತ್ ಸಾಕಾಗದೆ ಮೇಲಿನ ಹರಳಷ್ಟೇ ಮಿಂಚುತ್ತದೆ.

ಕಲ್ಲಿಗೆ ಸ್ಟ್ಯಾಕಿಂಗ್ ಸರಿ, ನೆಲ್ಲಿನ ಹೂವಿಗೆ ಬೇಡ ಅನ್ನುವುದು ನನ್ನ ತೀರ್ಮಾನ. ಆರೂ ಕೇಸರ, ಸಿಪ್ಪೆಯ ಮುಳ್ಳುಗೂದಲು, ಶಲಾಕಾಗ್ರ ಎಲ್ಲವೂ ಒಂದೇ ಸಮ ಸ್ಪಷ್ಟವಾಗಿ ಬಂದ ಚಿತ್ರ ಪಠ್ಯಪುಸ್ತಕಕ್ಕೆ ಚೆನ್ನ. ಸವಿಯಲಿಕ್ಕೆ ಒಂದೇ ಚಿತ್ರ, ಒಂದೇ ತೆಳು ಪದರ, ಅದನ್ನು ಎಲ್ಲಿ ಇಡಬೇಕೆಂಬ ಆಯ್ಕೆ ಇದ್ದರೆ ಸಾಕು. ಮುಂದಿನ ಬೆಳೆ ಹೊಡೆ ಒಡೆದಾಗ ಸಿಂಧನೂರಿನ ಕಡೆ ಬರುವುದಾದರೆ ಗದ್ದೆಯವರನ್ನು ಕೇಳಿಯೇ ಒಡ್ಡಿನ ಮೇಲೆ ಕಾಲಿಡಿ. ಔಷಧಿ ಹೊಡೆದ ದಿನ ಬೇಡ. ಹತ್ತು ಗಂಟೆಯೊಳಗೆ ಅಲ್ಲಿರಿ, ತೆನೆಯನ್ನು ಕೀಳಬೇಡಿ.