ಮೂಕಿಯನ್ನು ಮರೆತ ಟಾಂಗಾ

ಮೈಸೂರು ಟಾಂಗಾವನ್ನು ಹೊಗಳಿ ಬರೆದವರಲ್ಲಿ ಅದರಲ್ಲಿ ಕೂತು ಸೊಂಟ ಹಿಡಿದುಕೊಂಡು ಇಳಿದವರು ಎಷ್ಟು ಮಂದಿಯೋ, ನನಗೆ ಅನುಮಾನ. ದಸರೆ ಬಂತೆಂದರೆ ಪೇಟ ತೊಟ್ಟ, ರೇಷ್ಮೆ ಸೀರೆ ಉಟ್ಟ ದಂಪತಿಗಳ ಪಾರಂಪರಿಕ ಟಾಂಗಾ ಸವಾರಿಯ ಫೋಟೊ ಪತ್ರಿಕೆಗಳಲ್ಲಿ ಕಾಣುತ್ತದೆ. ಪೇಟದ ಬಗ್ಗೆ ಬರೆಯುತ್ತಾರೆ, ಕುದುರೆಯ ತುರಾಯಿಯ ಬಗ್ಗೆ ಬರೆಯುತ್ತಾರೆ. ಸವಾರಿ ಹೇಗಿತ್ತು ಎಂಬುದರ ಬಗ್ಗೆ ಮಾತ್ರ ಒಂದು ಸಾಲೂ ಇರುವುದಿಲ್ಲ. ಅರಮನೆಯ ಸುತ್ತಿನ ಸಪಾಟು ಡಾಂಬರಿನಲ್ಲಿ, ಕಾಲ್ನಡಿಗೆಯ ವೇಗದಲ್ಲಿ, ಯಾವ ಗಾಡಿಯೂ ಸುಖವಾಗಿಯೇ ಇರುತ್ತದೆ. ಕುದುರೆ ಕುಕ್ಕುಲೋಟಕ್ಕೆ ಬೀಳಲಿ, ರೇಸ್ ಕೋರ್ಸ್ ದಾಟಿ ಚಾಮುಂಡಿ ಬೆಟ್ಟದ ಏರು ಹಿಡಿಯಲಿ, ಆಗ ಗೊತ್ತಾಗುತ್ತದೆ ಗಾಡಿಯ ಯೋಗ್ಯತೆ.

ಟಾಂಗಾ, ಜಟಕಾ, ಸಾರೋಟುಗಳ ವ್ಯತ್ಯಾಸ ಓದುಗರಿಗೆ ಗೊತ್ತಿರುವುದೇ. ಜಟಕಾ ಎಂದೊಡನೆ ಡಿ.ವಿ.ಜಿ.ಯವರ ‘ಬದುಕು ಜಟಕಾಬಂಡಿ’ ಕಗ್ಗವನ್ನು ಎಳೆದು ತರುವ ಚಟ ನಮಗಿದೆ; ಕುದುರೆಗೂ ಕಗ್ಗಕ್ಕೂ ಇವತ್ತು ಸ್ವಲ್ಪ ವಿಶ್ರಾಂತಿ ಕೊಡೋಣ. ನನ್ನ ಮಾತು ಗಾಡಿಯ ಕಮಾನು, ಅಂದರೆ ಪ್ಲೇಟು ಜೋಡಿಸಿದ ಸ್ಪ್ರಿಂಗು, ಮತ್ತು ಕುದುರೆಯ ಎರಡು ಬದಿಗೆ ಚಾಚಿಕೊಳ್ಳುವ ಮರದ ದಂಡ, ಅಂದರೆ ಮೂಕಿ, ಇವೆರಡರ ಬಗ್ಗೆ ಮಾತ್ರ.

ಗಾಡಿಯನ್ನು ‘ಸುಧಾರಿಸುವುದು’ ಎಂದರೆ ನಮ್ಮಲ್ಲಿ ಕಮಾನಿಗೆ ಇನ್ನೊಂದು ಪ್ಲೇಟ್ ಸೇರಿಸುವುದು, ಸೀಟಿಗೆ ಫೋಮ್ ತುರುಕುವುದು, ಚಕ್ರದ ರಬ್ಬರ್ ಬದಲಿಸುವುದು. ಪ್ಲೇಟಿನ ಮೇಲಿನ ಈ ಭಕ್ತಿಯನ್ನು ಸ್ವಲ್ಪ ಕೆದಕಿ ನೋಡಬೇಕು. ಒಬಾಡಯಾ ಎಲಿಯಟ್ ಇಂಗ್ಲೆಂಡಿನಲ್ಲಿ 1804ರಲ್ಲಿ ಅಂಡಾಕಾರದ ಕಮಾನಿಗೆ ಪೇಟೆಂಟ್ ಪಡೆದ ಕಾಲದಿಂದ ಲೆಕ್ಕ ಒಂದೇ: ಭಾರಕ್ಕೆ ಕಮಾನು ಎಷ್ಟು ಕುಗ್ಗುತ್ತದೋ ಅದರ ಮೇಲೆ ಗಾಡಿಯ ಕುಲುಕು ನಿಂತಿದೆ. ಜನ ತುಂಬಿದಾಗ ನಾಲ್ಕು ಪ್ಲೇಟಿನ ಕಮಾನು ಐದು ಸೆಂಟಿಮೀಟರ್ ಕುಗ್ಗಿತು ಎನ್ನಿ. ಆಗ ಜನ ಕೂರುವ ಪೆಟ್ಟಿಗೆ ಸೆಕೆಂಡಿಗೆ ಸುಮಾರು 2.2 ಸಲ ಏರಿಳಿಯುತ್ತದೆ. ಕಮಾನಿಗೆ ಅಷ್ಟೇ ದಪ್ಪದ ಐದನೆಯ ಪ್ಲೇಟ್ ಹಾಕಿಸಿದರೆ ಕುಗ್ಗುವುದು ನಾಲ್ಕೇ ಸೆಂಟಿಮೀಟರ್, ಏರಿಳಿತ ಹತ್ತಿರ ಹತ್ತಿರ ಎರಡೂವರೆ ಸಲ. ಕುಕ್ಕುಲೋಟದಲ್ಲಿ ಕುದುರೆಯ ಬೆನ್ನು ಎದ್ದು ಕೂರುವುದೂ ಸೆಕೆಂಡಿಗೆ ಎರಡೂವರೆಯ ಆಸುಪಾಸಿನಲ್ಲೇ. ಅಂದರೆ ದುಡ್ಡು ಕೊಟ್ಟು ಗಾಡಿಯ ತಾಳವನ್ನು ಕುದುರೆಯ ತಾಳಕ್ಕೆ ಕೂಡಿಸಿದ ಹಾಗಾಯಿತು. ಒಂದು ಕುಲುಕಿನ ಮೇಲೆ ಇನ್ನೊಂದು ಏರಿ, ಒಳಗಿನವರು ಮೊರದಲ್ಲಿ ಕೇರುವ ಅಕ್ಕಿಯಾಗುತ್ತಾರೆ. ದಪ್ಪ ಪ್ಲೇಟಿನ ಕಥೆ ಇನ್ನೂ ಕೆಟ್ಟದ್ದು: ದಪ್ಪ ಒಂದೂವರೆ ಪಟ್ಟಾದರೆ ಆ ಪ್ಲೇಟಿನ ಬಿಗಿ ಮೂರು ಪಟ್ಟು ದಾಟುತ್ತದೆ. ‘ಗಟ್ಟಿಯಾಯ್ತು ಸಾರ್’ ಎಂದು ಮೆಕ್ಯಾನಿಕ್ ಹೇಳುವುದು ಸುಳ್ಳಲ್ಲ. ಗಟ್ಟಿಯಾದದ್ದು ಸುಖವೂ ಆಯಿತೆಂದು ನಾವು ನಂಬುವುದೇ ತಪ್ಪು.

ಪ್ಲೇಟುಗಳ ನಡುವಿನ ಉಜ್ಜಾಟವನ್ನು ಯಾರೂ ಗಮನಿಸುವುದಿಲ್ಲ. ಟಾಂಗಾಕ್ಕೆ ಶಾಕ್ ಅಬ್ಸಾರ್ಬರ್ ಇಲ್ಲ, ಆ ಉಜ್ಜಾಟವೇ ಅದರ ಶಾಕ್ ಅಬ್ಸಾರ್ಬರ್. ತುಕ್ಕು ಹಿಡಿದು ಪ್ಲೇಟುಗಳು ಕಚ್ಚಿಕೊಂಡರೆ ಸಣ್ಣ ಕಲ್ಲಿಗೆ ಕಮಾನು ಅಲುಗುವುದೇ ಇಲ್ಲ, ಪೆಟ್ಟು ನೇರ ಬೆನ್ನುಮೂಳೆಗೆ. ಹಾಗೆಂದು ಗ್ರೀಸ್ ಮೆತ್ತಿಬಿಟ್ಟರೆ ಒಂದು ಹಳ್ಳ ದಾಟಿದ ಗಾಡಿ ಮುಂದಿನ ಹಳ್ಳದವರೆಗೂ ಕುಣಿಯುತ್ತಲೇ ಇರುತ್ತದೆ.

ಇಷ್ಟೆಲ್ಲ ಸರಿಪಡಿಸಿದರೂ ಟಾಂಗಾ ಸುಧಾರಿಸುವುದಿಲ್ಲ. ಏಕೆಂದರೆ ಕುಲುಕು ಚಕ್ರದಿಂದ ಬರುವಷ್ಟೇ ಮುಂದಿನಿಂದಲೂ ಬರುತ್ತದೆ. ಟಾಂಗಾದಂಥ ಎರಡು ಚಕ್ರದ ಗಾಡಿಗೆ ಆಧಾರ ಮೂರು ಕಡೆ: ಎರಡು ಚಕ್ರ, ಒಂದು ಕುದುರೆಯ ಬೆನ್ನು. ಮೂಕಿಗಳು ಪೆಟ್ಟಿಗೆಯ ಅಡಿಪಟ್ಟಿಗೇ ಬೋಲ್ಟಿನಿಂದ ಬಿಗಿದಿದ್ದರೆ ಕುದುರೆಯ ಪ್ರತಿ ಹೆಜ್ಜೆಯೂ ಸೀಟಿಗೆ ಬಂದು ಬಡಿಯುತ್ತದೆ, ಕಮಾನಿಗೆ ಅದು ಕಾಣುವುದೂ ಇಲ್ಲ. ರಸ್ತೆ ಕೆಟ್ಟಿದೆ ಎಂಬ ನೆಪ ಇಲ್ಲಿ ನಡೆಯುವುದಿಲ್ಲ. 2021ರ ಮಳೆಗೆ ಕುಸಿದ, ಚಾಮುಂಡಿ ಬೆಟ್ಟದ ನಂದಿಯ ಕಡೆಯ ರಸ್ತೆಯಲ್ಲಿ ಬೇಡ, ಹೊಸದಾಗಿ ಡಾಂಬರು ಹಾಕಿದ ರಸ್ತೆಯಲ್ಲೇ ಓಡಿಸಿ ನೋಡಿ, ಮುಂದಿನ ಈ ಕುಲುಕು ಹಾಗೇ ಇರುತ್ತದೆ.

ಕುದುರೆಯ ಬೆನ್ನೂ ಗಾಡಿಯ ಒಂದು ಆಧಾರ ಎಂಬುದು ಬೆಟ್ಟದ ಏರಿನಲ್ಲಿ ಕಣ್ಣಿಗೇ ಕಾಣುತ್ತದೆ. ಭಾರದ ಕೇಂದ್ರ ಅಚ್ಚಿನಿಂದ ಅರವತ್ತು ಸೆಂಟಿಮೀಟರ್ ಮೇಲಿದ್ದರೆ, ಹನ್ನೆರಡಕ್ಕೆ ಒಂದರ ಏರಿನಲ್ಲಿ ಅದು ಐದು ಸೆಂಟಿಮೀಟರ್ ಹಿಂದೆ ಸರಿಯುತ್ತದೆ. ಮೂಕಿ ಮೇಲೆದ್ದು ಹೊಟ್ಟೆಪಟ್ಟಿ ಬಿಗಿಯುತ್ತದೆ. ‘ಮುಂದಕ್ಕೆ ಜರುಗಿ’ ಎಂದು ಗಾಡಿಯವನು ಗದರುವುದು ಇದಕ್ಕೇ. ಇಳಿಜಾರಿನಲ್ಲಿ ಇದೇ ಭಾರ ಕುದುರೆಯ ಬೆನ್ನಿಗೆ ಬೀಳುತ್ತದೆ, ಆಗ ‘ಹಿಂದಕ್ಕೆ’. ಅಮೆರಿಕದವರು ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಟ್ರಾವೆಲ್ ಟ್ರೇಲರಿನಲ್ಲಿ ಒಟ್ಟು ಭಾರದ ಶೇ. 10ರಿಂದ 15ರಷ್ಟು ಕೊಂಡಿಯ ಮೇಲಿರಬೇಕು ಎಂಬ ಲೆಕ್ಕವಿದೆ. ಅಲ್ಲಿ ಎಳೆಯುವುದು ಎಂಜಿನ್ನು, ಅದಕ್ಕೆ ಬೆನ್ನು ಹುಣ್ಣಾಗುವುದಿಲ್ಲ. ನಮ್ಮ ಗಾಡಿಯವನು ತಕ್ಕಡಿಯಿಲ್ಲದೆ, ಜನರನ್ನು ಅತ್ತಿತ್ತ ಸರಿಸಿಯೇ ಮೂಕಿಯನ್ನು ಹಗುರವಾಗಿ ತೂಗಿಸುತ್ತಾನೆ. ಈ ಇಡೀ ಪರಂಪರೆಯಲ್ಲಿ ಹೊಗಳಬೇಕಾದ ವಿದ್ಯೆ ಇದ್ದರೆ ಇದೊಂದೇ. ಇದನ್ನು ಹೊಗಳಿದವರನ್ನು ನಾನು ಓದಿಲ್ಲ.

ಇನ್ನೊಂದು ಕಡೆ ತಾಂತ್ರಿಕ ಸುಧಾರಕರಿದ್ದಾರೆ. ಅವರ ಮೇಲೆ ನನ್ನ ಜಗಳ ಹಳೆಯದು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಎತ್ತಿನ ಗಾಡಿಯ ಸುಧಾರಣೆಗೆ ಹಟ ಹಿಡಿದು ದುಡಿದವರು. ನೊಗ ಎತ್ತಿನ ಕುತ್ತಿಗೆಗೆ ಮಾಡುವ ಗಾಯ ಅವರ ಚಿಂತೆಯ ನಡುವಿನಲ್ಲಿತ್ತು. ಅವರ ಹೆಸರು ಹೇಳುವವರ ಕಿವಿಗೆ ಬಿದ್ದದ್ದು ಮಾತ್ರ ‘ಗಾಳಿ ಟೈರು’ ಎಂಬ ಎರಡು ಶಬ್ದ. ಎತ್ತಿನ ಗಾಡಿಯ ಮಾತನ್ನು ಕುದುರೆ ಗಾಡಿಗೆ ಅಂಟಿಸಿ, ದೊಡ್ಡ ಮರದ ಚಕ್ರ ಕಿತ್ತು ಸಣ್ಣ ಟೈರು ಹಾಕಿದರೆ ಕೆಲಸ ಮುಗಿಯಿತು ಎನ್ನುತ್ತಾರೆ. ಗಾಳಿ ಟೈರು ಸಣ್ಣ ಅದುರನ್ನು ನುಂಗುತ್ತದೆ, ಒಪ್ಪಿದೆ. ಆದರೆ ಹಳ್ಳದ ಬಾಯನ್ನು ದೊಡ್ಡ ಚಕ್ರ ದಾಟುವಲ್ಲಿ ಸಣ್ಣ ಚಕ್ರ ಒಳಗೆ ಇಳಿದು ಎದ್ದು ಬರುತ್ತದೆ. ಅಚ್ಚು ಕೆಳಗಿಳಿದಾಗ ಮೂಕಿಯ ಓರೆಯೂ ಬದಲಾಗುತ್ತದೆ, ಕುದುರೆಯ ಎಳೆತದ ಕೋನ ಕೆಡುತ್ತದೆ. ಇದನ್ನು ಕೇಳಿದರೆ ‘ನೀವು ಪ್ರಗತಿ ವಿರೋಧಿ’ ಎಂಬ ಉತ್ತರ ಸಿದ್ಧ. ಪರಂಪರೆಯವರ ಹತ್ತಿರ ಹೋದರೆ ಟಪ್ ಟಪ್ ಲಾಳದ ಸದ್ದಿನ ಮೇಲೆ ಎರಡು ಪ್ಯಾರಾ. ಇಬ್ಬರಿಗೂ ಒಳಗೆ ಕೂತವರ ಸೊಂಟ ಮುಖ್ಯವಲ್ಲ.

ಇದಕ್ಕೆ ಮದ್ದು ಇಲ್ಲವೆಂದೇನಲ್ಲ, ಅದು ಹೊಸದೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಗಾಡಿ ಕಟ್ಟುವವರು ಈ ಕುದುರೆ ಕುಲುಕಿನ ಮೇಲೇ ತಲೆ ಕೆಡಿಸಿಕೊಂಡಿದ್ದರು. ಮೂಕಿಯನ್ನು ಪೆಟ್ಟಿಗೆಗೆ ಬಿಗಿಯದೆ ಮುಂದೆ ಒಂದು ಕೀಲು, ಹಿಂತುದಿಗೆ ಸಣ್ಣ ಸ್ಪ್ರಿಂಗೋ ಚರ್ಮದ ಪಟ್ಟಿಯೋ ಕೊಟ್ಟರು. ಮೂಕಿ ಕುದುರೆಯ ಜೊತೆ ಆಡುತ್ತದೆ, ಪೆಟ್ಟಿಗೆ ತನ್ನಷ್ಟಕ್ಕೆ ಇರುತ್ತದೆ. ಬಡಗಿ, ಕಮ್ಮಾರ ಇಬ್ಬರು ಸೇರಿದರೆ ಮಾಡಬಹುದಾದ ಕೆಲಸ. ಇದು ಆಗುವವರೆಗೆ ಐದನೆಯ ಪ್ಲೇಟ್ ಬಿಚ್ಚಿಸಿ, ಉಳಿದ ನಾಲ್ಕರ ತುಕ್ಕು ತೆಗೆಸಿ, ಗ್ರಾಫೈಟ್ ತೆಳುವಾಗಿ ಸವರಿಸಿದರೆ ಸಾಕು. ಪೆಟ್ಟಿಗೆಗೆ ಹೊಸ ಬಣ್ಣ ಬೇಕೇ ಬೇಕೆನ್ನುವವರು ಆಮೇಲೆ ಬಳಿಸಿಕೊಳ್ಳಲಿ.